ಮೂಟೆಯ ಮೇಲಿನ 46

ಮಡಕಶಿರಾ ಸೀಮೆಯ ಪಡುವಣ ಅಂಚಿನಲ್ಲಿರುವ ಆ ಹಳ್ಳಿಯ ಕೊನೆಯ ಹೊಲದ ಬದು ದಾಟಿದರೆ ತುಮಕೂರು ಜಿಲ್ಲೆ. ಮನೆಯೊಳಗಿನ ಮಾತು ಕನ್ನಡ, ಸಂತೆಯಲ್ಲಿ ಕನ್ನಡವೂ ತೆಲುಗೂ ಬೆರೆತ ಮಾತು, ಕಾಗದಪತ್ರಗಳೆಲ್ಲ ತೆಲುಗು. ಇದರಲ್ಲಿ ಊರಿನವರಿಗೆ ವಿಶೇಷವೇನೂ ಕಾಣುವುದಿಲ್ಲ. ಪಡಿತರ ಚೀಟಿಯಲ್ಲಿ ತಮ್ಮ ಹೆಸರು ತೆಲುಗು ಅಕ್ಷರದಲ್ಲಿರುವುದನ್ನು ಗುರುತು ಹಿಡಿಯುವಷ್ಟು ಎಲ್ಲರೂ ಕಲಿತಿದ್ದಾರೆ. ಎರಡು ಲಿಪಿಗಳೂ ಅಕ್ಕತಂಗಿಯರಂತಿರುವುದರಿಂದ ತಲೆಕಟ್ಟಿನ ವ್ಯತ್ಯಾಸ ತಿಳಿದರೆ ಸಾಕು, ಮುಕ್ಕಾಲುಪಾಲು ಅಕ್ಷರಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಅಕ್ಷರ ಬಂದ ಮಾತ್ರಕ್ಕೆ ಅರ್ಥವೂ ಬರಬೇಕೆಂದಿಲ್ಲ ಎಂಬುದು ಅಲ್ಲಿಯ ಒಬ್ಬ ರೈತನಿಗೆ ಮನವರಿಕೆಯಾದದ್ದು ಆತ ಕಲ್ಲಂಗಡಿ ಬೆಳೆಯಲು ಹೊರಟ ವರ್ಷ.

ಆತನಿಗಿರುವುದು ಮೂರು ಎಕರೆ ಕೆಂಪು ಮಣ್ಣು. ಎರಡು ಎಕರೆ ಮಳೆಯನ್ನು ನಂಬಿದ ಶೇಂಗಾ ಹೊಲ, ಒಂದು ಎಕರೆ ಕೊಳವೆಬಾವಿಯ ತೋಟ. ದೇಶದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಹಿಂದೆ ಅನಂತಪುರ ಜಿಲ್ಲೆಗೆ ಸೇರಿದ್ದ ಈ ನಾಡೂ ಒಂದು. ಶೇಂಗಾ ಕೈಕೊಟ್ಟ ವರ್ಷ ಮನೆ ನಡೆಯಬೇಕಾದುದು ಆ ಒಂದು ಎಕರೆಯಿಂದ. ಎರಡು ತಿಂಗಳಲ್ಲಿ ಕೈಗೆ ಬರುವ, ಬೇಸಿಗೆಯಲ್ಲಿ ಬೆಂಗಳೂರಿನವರೆಗೆ ಬೇಡಿಕೆಯಿರುವ ಬೆಳೆಯೆಂದು ಕಲ್ಲಂಗಡಿಯನ್ನು ಆರಿಸಿಕೊಂಡ. ಸಂಕ್ರಾಂತಿಗೆ ನಾಟಿ ಮಾಡಿ ಯುಗಾದಿಗೆ ಮುಂಚೆ ಹಣ್ಣು ಮಾರಬೇಕೆಂಬುದು ಲೆಕ್ಕ. ಹೆಂಡತಿಯ ಎರಡೆಳೆ ಸರವನ್ನು ಅಡವಿಟ್ಟು ಸಸಿಗಳನ್ನು ತಂದ. ಹನಿ ನೀರಾವರಿಯ ಪೈಪುಗಳು ಮೊದಲೇ ಇದ್ದವು. ಮಲ್ಚಿಂಗ್ ಶೀಟು ಹಾಸುವಷ್ಟು ಹಣ ಉಳಿಯಲಿಲ್ಲ.

ಬೇಸಾಯದ ಕ್ರಮವನ್ನು ತಿಳಿಸುವ ಒಂದು ತೆಲುಗು ಕರಪತ್ರ ಆತನ ಕೈಗೆ ಬಂದಿತ್ತು. ಆತ ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಕರಪತ್ರವನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತ ಹೋದಾಗ ಗೊಬ್ಬರದ ಭಾಗದಲ್ಲಿ ಒಂದು ಸಾಲು ಸಿಕ್ಕಿತು: ಎಕರೆಗೆ ನತ್ರಜನಿ 40 ಕಿಲೋ. ಆ ಮಾತನ್ನು ಆತ ಕೇಳಿರಲಿಲ್ಲವೆಂದಲ್ಲ. ಗೊಬ್ಬರದಂಗಡಿಯಲ್ಲಿ ನತ್ರಜನಿ ಎಂದೊಡನೆ ಜನ ಯೂರಿಯಾ ಮೂಟೆಯ ಕಡೆಗೆ ಕೈ ತೋರಿಸುವುದನ್ನು ಎಷ್ಟೋ ಸಲ ಕಂಡಿದ್ದ. ಆದ್ದರಿಂದ ನತ್ರಜನಿಯೆಂದರೆ ಯೂರಿಯಾಕ್ಕೆ ತೆಲುಗಿನ ಹೆಸರು ಎಂದುಕೊಂಡ. ಅಡಿಗೊಬ್ಬರವೆಂದು ಕೊಟ್ಟಿಗೆ ಗೊಬ್ಬರವನ್ನೂ ಸೂಪರ್ ಫಾಸ್ಫೇಟನ್ನೂ ಹಾಕಿ, ನಾಟಿಯಾದ ಮೂರನೆಯ ದಿನ 40 ಕಿಲೋ ಯೂರಿಯಾವನ್ನು ಬುಡಗಳಿಗೆ ಹಂಚಿ ಮುಗಿಸಿದ.

ಯೂರಿಯಾದಲ್ಲಿ ಸಾರಜನಕವಿರುವುದು ನೂರಕ್ಕೆ 46 ಪಾಲು. 40 ಕಿಲೋ ಯೂರಿಯಾದಿಂದ ನೆಲಕ್ಕೆ ಸಂದದ್ದು ಹದಿನೆಂಟು ಕಿಲೋಗೆ ತುಸು ಮೇಲೆ, ಅಂದರೆ ಕರಪತ್ರ ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ಅದೂ ನೆಟ್ಟ ಮೂರನೆಯ ದಿನ, ಬೇರು ಇನ್ನೂ ಗೇಣುದ್ದವೂ ಇಳಿಯದಿದ್ದಾಗ. ಮಣ್ಣಿನ ಮೇಲೆಯೇ ಬಿಟ್ಟ ಯೂರಿಯಾದ ಒಂದು ಭಾಗ ಅಮೋನಿಯಾ ಅನಿಲವಾಗಿ ಗಾಳಿಗೆ ಸೇರುತ್ತದೆ. ನೀರಿನಲ್ಲಿ ಕರಗಿದ ಭಾಗ ಕೆಲವೇ ದಿನಗಳಲ್ಲಿ ನೈಟ್ರೇಟ್ ಆಗಿ ಮಾರ್ಪಡುತ್ತದೆ. ಮರಳು ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ನೀರು ಜಾಸ್ತಿ ಬಿಟ್ಟರೆ ಅದರೊಡನೆ ಬೇರಿಗೆ ಎಟುಕದಷ್ಟು ಕೆಳಕ್ಕೆ ಇಳಿದುಬಿಡುತ್ತದೆ. ಸಸಿ ಬಾಡಬಾರದೆಂಬ ಕಾಳಜಿಯಿಂದ ಆತ ಆ ವಾರ ಮೋಟಾರನ್ನು ಧಾರಾಳವಾಗಿಯೇ ಓಡಿಸಿದ್ದ.

ಗಿಡಗಳ ಅಂತರದಲ್ಲಿಯೂ ಆತನಿಗೆ ಒಂದು ತರ್ಕವಿತ್ತು. ಪೈಪಿನಿಂದ ಪೈಪಿಗೆ ಆರು ಅಡಿ; ಅದನ್ನು ಬದಲಿಸುವಂತಿರಲಿಲ್ಲ. ಸಾಲಿನೊಳಗೆ ಗಿಡದಿಂದ ಗಿಡಕ್ಕೆ ಒಂದೇ ಅಡಿ ಬಿಟ್ಟ. ಗಿಡ ಹೆಚ್ಚಿದಷ್ಟೂ ಹಣ್ಣು ಹೆಚ್ಚು ಎಂಬುದು ಅಲ್ಲಗಳೆಯಲಾಗದ ಲೆಕ್ಕದಂತೆ ತೋರುತ್ತದೆ. ಆತನ ತಾಯಿ ಮಾತ್ರ ಬದುವಿನ ಮೇಲೆ ಕುಳಿತು ನೋಡಿ, “ನಮ್ ಕಾಲ್ದಾಗೆ ಕೆರೆ ಅಂಗಳ್ದಾಗೆ ಮಾರಿಗೊಂದು ಗುಣಿ ತೋಡ್ತಿದ್ವಿ ಕಣಪ್ಪ. ಹಿಂಗೆ ಪೈರು ನಾಟಿ ಹಾಕ್ದಂಗೆ ಯಾರೂ ಹಾಕ್ತಿರ್ಲಿಲ್ಲ,” ಎಂದರು. ಮುದುಕಿಯ ಕಾಲದಲ್ಲಿ ಹನಿ ನೀರಾವರಿಯೂ ಇರಲಿಲ್ಲ, ಹೈಬ್ರಿಡ್ ಬೀಜವೂ ಇರಲಿಲ್ಲ ಎಂದು ಮಗ ನಕ್ಕ. ಅದೂ ನಿಜವೇ.

ಇಪ್ಪತ್ತೈದನೆಯ ದಿನದ ಹೊತ್ತಿಗೆ ಬುಡದ ಎಲೆಗಳು ಹಳದಿ ತಿರುಗಿದವು. ಸಾರಜನಕ ಸಾಲದಾದಾಗ ಗಿಡವು ಹಳೆಯ ಎಲೆಗಳಲ್ಲಿರುವುದನ್ನು ಕಿತ್ತು ಹೊಸ ಚಿಗುರಿಗೆ ಸಾಗಿಸುತ್ತದೆ. ಆದ್ದರಿಂದಲೇ ಹಳದಿ ಬಣ್ಣ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಬಳ್ಳಿಗಳು ಮೊಳದುದ್ದ ಹರಿದು ನಿಂತವು. ಪಕ್ಕದ ಹೊಲದವರೊಬ್ಬರು ಬಂದು ನೋಡಿ, ಭೂಮಿ ಹಸಿದಿದೆ, ಎರಡು ಮೂಟೆ ಯೂರಿಯಾ ಹೊಡೆ ಎಂದರು. ಮೂವತ್ತೈದನೆಯ ದಿನ, ಮೊದಲ ಹೂಗಳು ಕಾಣಿಸಿಕೊಂಡಾಗ, ತೊಂಬತ್ತು ಕಿಲೋ ಯೂರಿಯಾ ಒಂದೇ ಸಲಕ್ಕೆ ಹೊಲಕ್ಕೆ ಬಿತ್ತು.

ಹತ್ತು ದಿನಗಳಲ್ಲಿ ಹೊಲ ಬದಲಾಯಿತು. ಕಡು ಹಸಿರು ಎಲೆಗಳು ಮಣ್ಣು ಕಾಣದಂತೆ ಮುಚ್ಚಿಕೊಂಡವು. ಬಳ್ಳಿಗಳು ಒಂದರ ಮೇಲೊಂದು ಹತ್ತಿ ಕಾಲುವೆಗೂ ಇಳಿದವು. ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನೋಡಿ ಹೊಗಳಿದರು. ಆ ಒಂದು ವಾರ ಆತ ತಲೆಯೆತ್ತಿ ನಡೆದದ್ದನ್ನು ಊರು ನೆನಪಿಟ್ಟುಕೊಂಡಿದೆ. ಹೊಗಳಿದವರಲ್ಲಿ ಒಬ್ಬರೂ ಎಲೆ ಸರಿಸಿ ಕೆಳಗೆ ನೋಡಿರಲಿಲ್ಲ.

ಕಲ್ಲಂಗಡಿಯ ಒಂದೇ ಬಳ್ಳಿಯಲ್ಲಿ ಗಂಡು ಹೂಗಳೂ ಹೆಣ್ಣು ಹೂಗಳೂ ಬೇರೆಬೇರೆಯಾಗಿ ಬಿಡುತ್ತವೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಹೀಚು ಮೊದಲೇ ಇರುತ್ತದೆ. ಗಂಡು ಹೂವಿಗೆ ಬರೀ ತೊಟ್ಟು. ಇಷ್ಟನ್ನು ಹಳ್ಳಿಯ ಮಕ್ಕಳು ಯಾರೂ ಹೇಳಿಕೊಡದೆಯೇ ಬಲ್ಲರು. ಮೊದಲು ಅರಳುವುವು ಗಂಡು ಹೂಗಳು, ಸಂಖ್ಯೆಯಲ್ಲಿಯೂ ಅವೇ ಬಹುಪಾಲು. ಬಿಸಿಲಿನ ತಾಪವೂ ಸಾರಜನಕವೂ ಒಟ್ಟಿಗೆ ಅತಿಯಾದಾಗ ಗಂಡು ಹೂಗಳ ಪಾಲು ಇನ್ನೂ ಏರಿ, ಹೆಣ್ಣು ಹೂಗಳು ತಡವಾಗುತ್ತವೆ. ಗಿಡಕ್ಕೆ ಬೆಳೆಯುವುದೇ ಸುಲಭವಾಗಿರುವಾಗ ಅದು ಎಲೆ ಮತ್ತು ಬಳ್ಳಿಯನ್ನೇ ಮಾಡುತ್ತ ಹೋಗುತ್ತದೆ. ಬಿಟ್ಟ ಹೆಣ್ಣು ಹೂವಾದರೂ ಬಾಳುವುದು ಒಂದೇ ಬೆಳಗು. ಸೂರ್ಯ ಏರುವ ಹೊತ್ತಿಗೆ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತದೆ. ಅಷ್ಟರೊಳಗೆ ಜೇನುನೊಣ ಒಂದಲ್ಲ, ಹಲವು ಸಲ ಬಂದು ಹೋಗಬೇಕು. ಪರಾಗ ಸಾಕಷ್ಟು ತಲುಪದಿದ್ದರೆ ಹೀಚು ಉದುರುತ್ತದೆ ಇಲ್ಲವೆ ಒಂದು ಕಡೆ ಸೊಟ್ಟಗೆ ಬೆಳೆಯುತ್ತದೆ. ದಟ್ಟ ಎಲೆಗಳಡಿಯಲ್ಲಿ ಮುಚ್ಚಿಹೋದ ಹೂವು ನೊಣದ ಕಣ್ಣಿಗೆ ಬೀಳುವುದೇ ಕಷ್ಟ. ಜೊತೆಗೆ ಹುಲುಸಾದ ಚಿಗುರಿಗೆ ಹೇನು ಮುತ್ತಿತೆಂದು ಆತ ಬೆಳಿಗ್ಗೆ ಎಂಟು ಗಂಟೆಗೆ ಔಷಧಿ ಹೊಡೆದಿದ್ದ. ನೊಣಗಳಿಗೂ ಅದೇ ಹೊತ್ತು. ಸಂಜೆ ಹೊಡೆಯಬಹುದಿತ್ತು, ಯಾರೂ ಹೇಳಲಿಲ್ಲ, ಆತ ಕೇಳಲೂ ಇಲ್ಲ.

ಕಾಯಿ ಕಚ್ಚಿದ್ದು ಎರಡು ವಾರ ತಡವಾಗಿ. ದಲ್ಲಾಳಿ ಬಂದಾಗ ಯುಗಾದಿ ಕಳೆದಿತ್ತು, ಸುತ್ತಲಿನ ಎಲ್ಲರ ಹಣ್ಣೂ ಮಾರುಕಟ್ಟೆಗೆ ಇಳಿದು ದರ ಬಿದ್ದಿತ್ತು. ಅವನು ಕೋಲಿನಿಂದ ಎಲೆ ಸರಿಸಿ ಹತ್ತಿಪ್ಪತ್ತು ಕಾಯಿಗಳನ್ನು ನೋಡಿ, ಎರಡು ಕಿಲೋಗಿಂತ ಕಡಿಮೆಯಿರುವುದನ್ನು ಲಾರಿಗೆ ಹತ್ತಿಸುವುದಿಲ್ಲವೆಂದ. ಹೊಲದಲ್ಲಿ ಹೆಚ್ಚಿನವು ಅಂಥವೇ ಆಗಿದ್ದವು. ಒಂದನ್ನು ಸೀಳಿದಾಗ ನಡುವೆ ಟೊಳ್ಳು. ಕೆಂಪು ಬಣ್ಣವಿದ್ದರೂ ನಾಲಿಗೆಗೆ ಸಪ್ಪೆ. ಸಕ್ಕರೆ ತುಂಬಬೇಕಾದ ಕೊನೆಯ ವಾರಗಳಲ್ಲಿಯೂ ಬಳ್ಳಿ ಹೊಸ ಚಿಗುರನ್ನೇ ಓಡಿಸುತ್ತಿತ್ತು. ಚಿಕ್ಕ ಕಾಯಿಗಳನ್ನು ಆತ ಹಿಂದೂಪುರದ ರಸ್ತೆಬದಿಯಲ್ಲಿ ನಾಲ್ಕು ದಿನ ಕುಳಿತು ಮಾರಿದ. ಉಳಿದವನ್ನು ಎಮ್ಮೆಗಳು ತಿಂದವು. ಬಂದ ಹಣದಲ್ಲಿ ಸಸಿಯ ಬಾಕಿಯೂ ಗೊಬ್ಬರದ ಬಾಕಿಯೂ ತೀರಿದವು. ಸರ ಬಿಡಿಸಿಕೊಳ್ಳಲಾಗಲಿಲ್ಲ.

ಆ ಬೇಸಿಗೆಯಲ್ಲಿ ಮನೆಯ ಮಾತು ಹೊಲದಿಂದ ಶಾಲೆಯ ಕಡೆಗೆ ತಿರುಗಿತು. ಹಿರಿಯ ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಮುಗಿಸಿದ್ದಳು. “ಕನ್ನಡ್ದಾಗೆ ಓದಿ ನಂಗೇನ್ ಬಂತು? ಒಂದು ಚೀಟಿ ನೆಟ್ಟಗೆ ಓದಕ್ಕಾಗ್ಲಿಲ್ಲ. ಇವ್ಳಿಗೂ ಅದೇ ಗತಿ ಆಗೋದು ಬ್ಯಾಡ,” ಎಂಬುದು ತಂದೆಯ ಮಾತು. ಪಟ್ಟಣದ ಬೇರೆ ಮಾಧ್ಯಮದ ಶಾಲೆಗೆ ಸೇರಿಸಲು ವರ್ಗಾವಣೆ ಪತ್ರ ಕೇಳುವ ಅರ್ಜಿಯನ್ನೂ ಬರೆಸಿ ತಂದ. ಗಡಿಯಾಚೆಗಿನ ಕನ್ನಡ ಶಾಲೆಗಳ ತಂದೆತಾಯಂದಿರಿಗೆ ಈ ಮಾತು ಹೊಸತಲ್ಲ. ಪ್ರತಿ ಜೂನ್ ತಿಂಗಳಿನಲ್ಲಿ ಯಾವುದೋ ಒಂದು ಮನೆಯಲ್ಲಿ ಈ ಅರ್ಜಿ ಬರೆಯಲಾಗುತ್ತದೆ, ಮತ್ತು ಬರೆದವರ ಮೇಲೆ ಸುಲಭವಾಗಿ ತಪ್ಪು ಹೊರಿಸಲಾಗದು. ಹುಡುಗಿ ಅತ್ತಳು, ಊಟ ಬಿಟ್ಟಳು. ತಾಯಿ ಬಸ್ಸಿನ ಖರ್ಚಿನ ಮಾತೆತ್ತಿದಳು. ಅರ್ಜಿ ಟ್ರಂಕಿನೊಳಗೆ ಉಳಿಯಿತು, ಆ ವರ್ಷ ಹುಡುಗಿ ಹಳೆಯ ಶಾಲೆಗೇ ಹೋದಳು, ತೀರ್ಮಾನವೇನೂ ಆದಂತಲ್ಲ.

ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಅಣು ಪರಮಾಣುಗಳ ಪಾಠ ಬಂತು. ಪರಮಾಣು ರಾಶಿಗಳನ್ನು ಕೂಡಿಸಿ ಅಣುವಿನ ರಾಶಿ ಕಂಡುಹಿಡಿಯುವ ಲೆಕ್ಕ. ಮೇಷ್ಟ್ರು ನೀರು, ಉಪ್ಪುಗಳ ಜೊತೆಗೆ ಯೂರಿಯಾದ ಸೂತ್ರವನ್ನೂ ಹಲಗೆಯ ಮೇಲೆ ಬರೆದರು. ಇಂಗಾಲ ಒಂದು, ಅದರ ತೂಕ 12. ಆಮ್ಲಜನಕ ಒಂದು, 16. ಸಾರಜನಕ ಎರಡು, 28. ಜಲಜನಕ ನಾಲ್ಕು, 4. ಒಟ್ಟು 60. ಅರವತ್ತರಲ್ಲಿ ಇಪ್ಪತ್ತೆಂಟು ಸಾರಜನಕ ಎಂದರೆ ನೂರಕ್ಕೆ ಎಷ್ಟು? ಭಾಗಿಸಿದಾಗ 46.67 ಬಂತು. ಹುಡುಗಿಗೆ ಆ 46 ಎಲ್ಲೋ ನೋಡಿದ ಹಾಗಿತ್ತು. ಸಂಜೆ ಮನೆಗೆ ಹೋದಾಗ ಹಿತ್ತಲ ಬಾಗಿಲಿಗೆ ಪರದೆಯಾಗಿ ಕಟ್ಟಿದ್ದ ಯೂರಿಯಾ ಚೀಲದ ಮೇಲೆ ಅದು ಕಾಣಿಸಿತು: ಎನ್ 46 ಪ್ರತಿಶತ, ನಿವ್ವಳ ತೂಕ 45 ಕಿಲೋ.

ಟ್ರಂಕಿನಿಂದ ಹಳೆಯ ಕರಪತ್ರ ಹೊರಬಂತು. ಶಾಲೆಯಲ್ಲಿ ತೆಲುಗನ್ನೂ ಒಂದು ಭಾಷೆಯಾಗಿ ಕಲಿಯುತ್ತಿದ್ದ ಅವಳಿಗೆ ಆಮ್ಲಜನಕಕ್ಕೆ ತೆಲುಗಿನಲ್ಲಿ ಆಮ್ಲಜನಿ, ಜಲಜನಕಕ್ಕೆ ಉದಜನಿ ಎನ್ನುವರೆಂದು ಗೊತ್ತಿತ್ತು. ಹಾಗಾದರೆ ನತ್ರಜನಿಯೂ ಅದೇ ಮನೆತನದ್ದಿರಬೇಕು. ಅದು ಗೊಬ್ಬರದ ಹೆಸರಲ್ಲ, ಗೊಬ್ಬರದೊಳಗಿನ ಸಾರಜನಕ. “ಅಪ್ಪಾ, ಅದು ಯೂರಿಯಾ ಅಲ್ಲ ಕಣಪ್ಪ. ಯೂರಿಯಾದ ಒಳಗಿರೋದು,” ಎಂದಳು. ತಂದೆ ಕರಪತ್ರವನ್ನೂ ಚೀಲವನ್ನೂ ಬಹಳ ಹೊತ್ತು ನೋಡುತ್ತಿದ್ದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಹಂಗಾದ್ರೆ ಎಷ್ಟು ಹಾಕ್ಬೇಕಿತ್ತು?”

ಅವಳು ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಮಾಡಿದ ಲೆಕ್ಕ ಯಾವ ರೈತನ ಮನೆಯಲ್ಲಾದರೂ ಮಾಡಿಕೊಳ್ಳಬಹುದಾದದ್ದು. ಬೇಸಾಯದ ಪುಸ್ತಕಗಳಲ್ಲಿ ಕಲ್ಲಂಗಡಿಗೆ ಹೆಕ್ಟೇರಿಗೆ ಸುಮಾರು 100 ಕಿಲೋ ಸಾರಜನಕ ಎಂದು ಇರುವುದೇ ಎಕರೆಗೆ 40 ಆಗುತ್ತದೆ. ಹೆಕ್ಟೇರು ಎಂದರೆ ಎರಡೂವರೆ ಎಕರೆಗೆ ತುಸು ಕಡಿಮೆ. ಯೂರಿಯಾ ಒಂದರಿಂದಲೇ ಕೊಡುವುದಾದರೆ 40 ಕಿಲೋ ಸಾರಜನಕಕ್ಕೆ 87 ಕಿಲೋ, ಹತ್ತಿರ ಹತ್ತಿರ ಎರಡು ಮೂಟೆ. ಅಡಿಗೊಬ್ಬರವಾಗಿ ಐವತ್ತು ಕಿಲೋದ ಒಂದು ಮೂಟೆ ಡಿಎಪಿ ಹಾಕಿದರೆ ಅದರ ನೂರಕ್ಕೆ 18ರ ಪಾಲಿನಿಂದ 9 ಕಿಲೋ ಸಾರಜನಕ ಸಿಕ್ಕಿತು, ರಂಜಕವೂ 23 ಕಿಲೋ ಆಯಿತು. ಉಳಿದ 31 ಕಿಲೋಗೆ ಯೂರಿಯಾ 67 ಕಿಲೋ, ಅಂದರೆ ಒಂದೂವರೆ ಮೂಟೆ. ಹಿಂದಿನ ವರ್ಷ ಒಟ್ಟಾರೆ ಬಿದ್ದದ್ದು 130 ಕಿಲೋ ಯೂರಿಯಾ, ಸುಮಾರು 60 ಕಿಲೋ ಸಾರಜನಕ. ಮೊದಲು ಅರ್ಧದಷ್ಟೂ ಇಲ್ಲ, ಕೊನೆಗೆ ಒಂದೂವರೆ ಪಾಲು. ಬೇಕಾದಾಗ ಇಲ್ಲ, ಬೇಡದಾಗ ಎಲ್ಲ.

ಅಂತರದ ಲೆಕ್ಕ ಹುಟ್ಟಿದ್ದು ಅಜ್ಜಿಯ ಮಾತಿನಿಂದ. ಮಾರು ಎಂದರೆ ಆರು ಅಡಿ. ಮಾರಿಗೊಂದು ಗುಣಿ ಎಂದರೆ ಒಂದು ಗುಣಿಗೆ 36 ಚದರಡಿ. ಎಕರೆಗೆ 43,560 ಚದರಡಿಯಾದ್ದರಿಂದ ಅಜ್ಜಿಯ ಕೆರೆಯಂಗಳದಲ್ಲಿ ಎಕರೆಗೆ 1,210 ಗುಣಿಗಳು. ಅಪ್ಪನ ಹೊಲದಲ್ಲಿ ಆರು ಅಡಿಗೆ ಒಂದು ಅಡಿ, 7,260 ಗಿಡಗಳು. ಎರಡು ಅಡಿ ಬಿಟ್ಟಿದ್ದರೆ 3,630. ಈಗ ಆ 40 ಕಿಲೋ ಸಾರಜನಕವನ್ನು ಹಂಚಿದರೆ ಒಂದು ಅಡಿಯ ಹೊಲದಲ್ಲಿ ಗಿಡವೊಂದಕ್ಕೆ ಐದೂವರೆ ಗ್ರಾಂ, ಎರಡು ಅಡಿಯ ಹೊಲದಲ್ಲಿ ಹನ್ನೊಂದು ಗ್ರಾಂ. ಕರಪತ್ರ ಬರೆದವರ ಮನಸ್ಸಿನಲ್ಲಿದ್ದ ಗಿಡಗಳ ಸಂಖ್ಯೆಯೇ ಬೇರೆ, ಹೊಲದಲ್ಲಿದ್ದ ಸಂಖ್ಯೆಯೇ ಬೇರೆ. ಗೊಬ್ಬರದ ಪ್ರಮಾಣವನ್ನೂ ಗಿಡಗಳ ಅಂತರವನ್ನೂ ಬೇರೆಬೇರೆಯಾಗಿ ತೀರ್ಮಾನಿಸಲಾಗದು ಎಂಬುದು ಈ ಒಂದು ಭಾಗಾಕಾರದಲ್ಲಿ ಅವರಿಗೆ ಕಂಡಿತು.

ತಂದೆಗೆ ಇಲ್ಲಿ ಒಂದು ಸಂದೇಹ ಬಂತು, ಮತ್ತು ಅದು ಸರಿಯಾದ ಸಂದೇಹವೇ. ಗಿಡ ದುಪ್ಪಟ್ಟಾದರೆ ಗೊಬ್ಬರವನ್ನೂ ದುಪ್ಪಟ್ಟು ಮಾಡಿದರಾಯಿತಲ್ಲ? ಹುಡುಗಿ ಇದನ್ನು ಮೇಷ್ಟ್ರ ಬಳಿಗೆ ಒಯ್ದಳು. ಅವರು ಕೊಟ್ಟ ಉತ್ತರ ಸರಳವಾಗಿತ್ತು. ಹಣ್ಣಿನ ಸಿಹಿ ಗೊಬ್ಬರದಿಂದ ಬರುವುದಲ್ಲ. ಎಲೆಯು ಬಿಸಿಲಿನಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಕೂಡಿಸಿ ಮಾಡುವ ಸಕ್ಕರೆಯಿಂದ ಬರುವುದು. ಸಾರಜನಕದ ಕೆಲಸ ಆ ಎಲೆಯನ್ನೂ ಅದರ ಹಸಿರನ್ನೂ ಕಟ್ಟುವುದು. ಹೊಲದ ಮೇಲೆ ಬೀಳುವ ಬಿಸಿಲು ಗಿಡ ಎಷ್ಟೇ ಇದ್ದರೂ ಅಷ್ಟೇ. ನೆಲವೆಲ್ಲ ಎಲೆಯಿಂದ ಮುಚ್ಚಿದ ಮೇಲೆ ಇನ್ನಷ್ಟು ಎಲೆ ಬಂದರೆ ಅದು ಇನ್ನೊಂದು ಎಲೆಯ ನೆರಳಿನಲ್ಲಿ ಇರುತ್ತದೆ; ಗಳಿಸುವುದಕ್ಕಿಂತ ತಿನ್ನುವುದೇ ಹೆಚ್ಚು. ಹಾಗೆಂದು ಅಂತರ ಬಹಳವಾದರೂ ಲಾಭವಿಲ್ಲ. ಅಜ್ಜಿಯ ಹಾಗೆ ಮಾರಿಗೊಂದು ಗಿಡ ಬಿಟ್ಟರೆ ಹಣ್ಣು ದೊಡ್ಡದಾಗಬಹುದು, ಆದರೆ ನಡುವಿನ ಬರಿ ನೆಲದ ಮೇಲೆ ಬಿದ್ದ ಬಿಸಿಲು ವ್ಯರ್ಥ, ಅಲ್ಲಿ ಬೆಳೆಯುವುದು ಕಳೆ. ಕೆರೆಯಂಗಳದಲ್ಲಿ ಅದು ಸರಿಹೊಂದುತ್ತಿತ್ತು. ಗಿಡ ಅಲ್ಲಿ ಉಳಿದ ತೇವವನ್ನು ಹುಡುಕಿಕೊಂಡು ಬೇರು ಹರಡಬೇಕಿತ್ತು, ಗೊಬ್ಬರವೂ ಗುಣಿಯೊಳಗಿನ ಸಗಣಿಯಷ್ಟೇ.

ಬಳ್ಳಿಯ ಜಾತಿಯೂ ಇದರಲ್ಲಿ ಸೇರುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ಅರ್ಕಾ ಮುತ್ತು ಎಂಬ ತಳಿಯ ಬಳ್ಳಿ ಗಿಡ್ಡ, ಗೆಣ್ಣುಗಳ ನಡುವಿನ ಅಂತರ ಕಿರಿದು. ಅಂಥದನ್ನು ಹತ್ತಿರ ಹತ್ತಿರ ನೆಡಬಹುದು. ಅವರದೇ ಅರ್ಕಾ ಮಾಣಿಕ್ ಹಾಗಲ್ಲ, ಅದಕ್ಕೆ ಹರಡಲು ಜಾಗ ಬೇಕು. ಎಲ್ಲ ಕಲ್ಲಂಗಡಿಗೂ ಒಂದೇ ಅಳತೆ ಎನ್ನುವವರ ಮಾತನ್ನು ನಂಬಬೇಕಾದುದಿಲ್ಲ.

ಮರುವರ್ಷ ಸಂಕ್ರಾಂತಿಗೆ ಮತ್ತೆ ಸಾಲ. ಈ ಸಲ ಅಡವಿಡಲು ಸರವಿಲ್ಲ, ಭಾವಮೈದುನನ ಕೈಸಾಲ. ಹೆಂಡತಿ ಮೊದಲು ಒಪ್ಪಲಿಲ್ಲ. “ಮಗ್ಳ ಲೆಕ್ಕ ನಂಬ್ಕಂಡು ಹೊಲಕ್ಕೆ ದುಡ್ಡು ಸುರೀತೀರಾ?” ಎಂದಳು. ಆತ ಹೊಲದ ಬಹುಭಾಗದಲ್ಲಿ ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಟ್ಟ. ಸಸಿಯ ಖರ್ಚು ಅಲ್ಲಿಯೇ ಅರ್ಧವಾಯಿತು. ಬಾವಿಯ ಪಕ್ಕದ ಮೂರು ಸಾಲುಗಳನ್ನು ಮಗಳ ಹಟಕ್ಕೆ ಬಿಟ್ಟುಕೊಟ್ಟ: ಒಂದರಲ್ಲಿ ಹಿಂದಿನಂತೆ ಅಡಿಗೊಂದು, ಇನ್ನೊಂದರಲ್ಲಿ ಒಂದು ಮೊಳ ಅಂದರೆ ಒಂದೂವರೆ ಅಡಿಗೊಂದು, ಮತ್ತೊಂದರಲ್ಲಿ ಮೂರು ಅಡಿಗೊಂದು. ಪೈಪುಗಳೊಡನೆ ಬಂದು ಎರಡು ವರ್ಷ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ವೆಂಚುರಿಯನ್ನು ಇಳಿಸಿ ಜೋಡಿಸಿದರು. ಡ್ರಮ್ಮಿನಲ್ಲಿ ಕರಗಿಸಿದ ಯೂರಿಯಾವನ್ನು ಅದು ನೀರಿನೊಡನೆ ಬೇರಿಗೆ ಎಳೆದುಕೊಂಡು ಹೋಗುತ್ತದೆ. 67 ಕಿಲೋವನ್ನು ಹುಡುಗಿ ಆರು ವಾರಗಳಿಗೆ ಹಂಚಿದಳು. ಮೊದಲ ವಾರ ಐದು ಕಿಲೋ, ಎರಡನೆಯ ವಾರ ಎಂಟು, ಬಳ್ಳಿ ಹರಿಯತೊಡಗಿದ ಮೇಲೆ ವಾರಕ್ಕೆ ಹದಿಮೂರೂವರೆ. ಕೊಯ್ಲಿಗೆ ಮೂರು ವಾರವಿರುವಾಗ ಯೂರಿಯಾ ನಿಂತಿತು, ಪೊಟ್ಯಾಷ್ ಮಾತ್ರ ಮುಂದುವರಿಯಿತು.

ಯೂರಿಯಾ ನಿಲ್ಲಿಸಿದ ವಾರ ಮನೆಯಲ್ಲಿ ಒಂದು ಸಣ್ಣ ಜಗಳವೇ ನಡೆಯಿತು. ಹೊಲ ಹಿಂದಿನ ವರ್ಷದಷ್ಟು ಕಪ್ಪು ಹಸಿರಾಗಿರಲಿಲ್ಲ. ಸಾಲುಗಳ ನಡುವೆ ಅಲ್ಲಲ್ಲಿ ಮಣ್ಣು ಕಾಣುತ್ತಿತ್ತು. ರಸ್ತೆಯಲ್ಲಿ ಯಾರೂ ಬೈಕು ನಿಲ್ಲಿಸಲಿಲ್ಲ. ಆತನಿಗೆ ಕೈ ತಡೆಯಲಾಗದೆ ಉಳಿದಿದ್ದ ಅರ್ಧ ಮೂಟೆಯನ್ನು ಬೆಳಗಿನ ಜಾವ ಹೊಲಕ್ಕೆ ಹೊತ್ತೊಯ್ದ. ಮಗಳು ಹಿಂದೆಯೇ ಓಡಿಬಂದಳು. “ಎಲೆ ಸರ್ಸಿ ನೋಡಪ್ಪ,” ಎಂದಳಷ್ಟೆ. ಎಲೆ ಸರಿಸಿದರೆ ಎರಡು ಮುಷ್ಟಿಯಷ್ಟು ದಪ್ಪದ ಕಾಯಿಗಳು, ಗಿಡಕ್ಕೊಂದು ಎರಡು. ಮೂಟೆ ಮನೆಗೆ ಮರಳಿತು.

ಮೂರು ಸಾಲುಗಳಲ್ಲಿ ಕಂಡದ್ದು ಹೀಗೆ. ಅಡಿಗೊಂದರ ಸಾಲಿನಲ್ಲಿ ಕಾಯಿಗಳ ಸಂಖ್ಯೆ ಎಲ್ಲಕ್ಕಿಂತ ಹೆಚ್ಚು, ಆದರೆ ಗಿಡಕ್ಕೆ ಒಂದೂ ಸರಿಯಾಗಿ ಬಂದಿರಲಿಲ್ಲ, ದಲ್ಲಾಳಿ ಬೇಡವೆನ್ನುವ ಗಾತ್ರದವೇ ಬಹಳ. ಮೂರು ಅಡಿಯ ಸಾಲಿನಲ್ಲಿ ಗಿಡವೊಂದೊಂದೂ ಕಣ್ತುಂಬುವಂತೆ ಕಾಯಿ ಬಿಟ್ಟಿತ್ತು, ಹಣ್ಣು ದೊಡ್ಡದು. ಸಾಲಿನ ಒಟ್ಟು ತೂಕ ಮಾತ್ರ ಎಲ್ಲಕ್ಕಿಂತ ಕಡಿಮೆ. ಒಂದೂವರೆ ಅಡಿಯ ಸಾಲು ತೂಕದಲ್ಲಿ ಹೊಲದ ಎರಡು ಅಡಿಯ ಸಾಲುಗಳಿಗಿಂತ ಸ್ವಲ್ಪ ಮುಂದಿತ್ತು, ಮಾರುವ ಗಾತ್ರದ ಹಣ್ಣಿನಲ್ಲಿ ಹೆಚ್ಚುಕಡಿಮೆ ಸಮ. ಹತ್ತಿರ ನೆಟ್ಟಷ್ಟೂ ಒಟ್ಟು ಇಳುವರಿ ಏರಿ ಒಂದೊಂದು ಹಣ್ಣಿನ ತೂಕ ಇಳಿಯುತ್ತದೆ ಎಂಬುದನ್ನು ಬೇರೆ ದೇಶಗಳಲ್ಲಿ ಕ್ರಮವಾಗಿ ನಡೆಸಿದ ಪ್ರಯೋಗಗಳೂ ಕಂಡಿವೆ. ಒಂದೇ ಹೊಲದ ಒಂದೊಂದೇ ಸಾಲು ನೋಡಿ ಸಿದ್ಧಾಂತ ಹೇಳಲಾಗದು. ಬಾವಿಯ ಪಕ್ಕದ ಮಣ್ಣು ಉಳಿದ ಹೊಲದಂತೆಯೇ ಇದೆಯೆಂಬ ಖಾತರಿಯೂ ಇಲ್ಲ ಎಂದು ಮೇಷ್ಟ್ರೇ ಎಚ್ಚರಿಸಿದರು.

ಕೊಯ್ಲಿನ ದಿನ ಆತ ಹಣ್ಣುಗಳನ್ನು ಬೆರಳಿನಿಂದ ತಟ್ಟಿ, ಕಾಯಿಯ ಪಕ್ಕದ ಕುಡಿಬಳ್ಳಿ ಒಣಗಿದೆಯೇ, ನೆಲಕ್ಕೆ ತಾಗಿದ ಜಾಗ ಬಿಳಿಯಿಂದ ಹಳದಿಗೆ ತಿರುಗಿದೆಯೇ ಎಂದು ನೋಡಿ ಕೀಳಿಸಿದ. ಯುಗಾದಿಗೆ ಇನ್ನೂ ಎಂಟು ದಿನವಿತ್ತು. ಲಾರಿ ಹೊಲದ ಬದುವಿಗೇ ಬಂತು. ಎಲ್ಲವೂ ಸುಗಮವಾಗಿ ಆಯಿತೆನ್ನುವಂತಿಲ್ಲ. ಕೊನೆಯ ವಾರ ಮೂರು ದಿನ ಮೋಟಾರು ಕೆಟ್ಟು, ಸರಿಯಾದ ದಿನ ನೀರು ಒಮ್ಮೆಲೇ ಹೆಚ್ಚು ಬಿಟ್ಟಿದ್ದರಿಂದ ಒಂದಷ್ಟು ಹಣ್ಣು ಬಿರಿದುಹೋಗಿತ್ತು. ಭಾವಮೈದುನನ ಸಾಲ ತೀರಿತು. ಸರದ ಬಡ್ಡಿ ಕಟ್ಟಿ ಅಸಲಿನಲ್ಲಿ ಅರ್ಧ ಇಳಿಸಿದ್ದಾಯಿತು. ಬಿರಿದ ಹಣ್ಣುಗಳನ್ನು ಹುಡುಗಿ ಸೈಕಲ್ಲಿನ ಮೇಲೆ ಎರಡು ಸಲ ಹೇರಿಕೊಂಡು ಶಾಲೆಗೆ ಒಯ್ದಳು.

ವರ್ಗಾವಣೆಯ ಅರ್ಜಿ ಇನ್ನೂ ಟ್ರಂಕಿನಲ್ಲಿಯೇ ಇದೆ. ಅದನ್ನು ಹರಿದು ಹಾಕು ಎಂದು ಮಗಳೂ ಹೇಳಿಲ್ಲ, ತಂದೆಯೂ ಹರಿದಿಲ್ಲ. ಹತ್ತನೆಯ ತರಗತಿಯ ಮುಂದೆ ಕನ್ನಡದಲ್ಲಿ ಓದು ಎಲ್ಲಿ ಎಂಬ ಪ್ರಶ್ನೆ ಆ ಮನೆಯಲ್ಲಿ ಇನ್ನೂ ಬಾಕಿಯಿದೆ. ಈ ವರ್ಷದ ಚರ್ಚೆ ಬೇರೊಂದು. ಗಿಡಕ್ಕೆ ಒಂದೂವರೆ ಅಡಿ ಬಿಡೋಣವೆನ್ನುತ್ತಾಳೆ ಮಗಳು, ಎರಡು ಅಡಿ ಬಿಟ್ಟು ಕೈ ಸುಟ್ಟುಕೊಳ್ಳದಿರುವುದೇ ಮೇಲೆನ್ನುತ್ತಾನೆ ತಂದೆ. 40 ಕಿಲೋ ಎನ್ನುವುದು ಎಲ್ಲ ಮಣ್ಣಿಗೂ ಹೇಳಿದ ಮಾತು, ನಿಮ್ಮ ಮಣ್ಣಿನದನ್ನು ಪರೀಕ್ಷೆ ಮಾಡಿಸಿ ಎಂದು ಮೇಷ್ಟ್ರು ಹೇಳಿಕಳುಹಿಸಿದ್ದಾರೆ. ಕಳೆದ ಭಾನುವಾರ ಅಪ್ಪ ಮಗಳು ಹೊಲದ ಹತ್ತು ಕಡೆ ಗೇಣಿಗೆ ತುಸು ಕಡಿಮೆ ಆಳದ ಗುಳಿ ತೋಡಿ, ಬದಿಯ ಮಣ್ಣು ಕೆರೆದು ತಂದರು. ಎಲ್ಲವನ್ನೂ ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಬಿಸುಟು, ಮತ್ತೆ ಕಲಸಿ, ಕೊನೆಗೆ ಅರ್ಧ ಕಿಲೋ ಉಳಿಸಿದರು. ಆ ಮಣ್ಣು ಪಡಸಾಲೆಯ ನೆರಳಿನಲ್ಲಿ ಹಳೆಯ ಪತ್ರಿಕೆಯೊಂದರ ಮೇಲೆ ಒಣಗುತ್ತಿದೆ. ಫಲಿತಾಂಶದ ಚೀಟಿ ತೆಲುಗಿನಲ್ಲಿ ಬರುತ್ತದೆ. ಬಂದ ದಿನ ಶಾಲೆ ಬಿಡುವವರೆಗೆ ಅದನ್ನು ತೆರೆಯುವುದಿಲ್ಲವೆಂದು ಆತ ಹೇಳಿದ್ದಾನೆ.